ಹಕ್ಕಿಯ ಮೀಸೆ

ದಿಲ್ಲಿಯ ಓಖ್ಲಾದ ಒಂದು ರಫ್ತು ಗಾರ್ಮೆಂಟ್ಸಿನಲ್ಲಿ ನನ್ನದು ದಾರ ಕತ್ತರಿಸುವ ಕೆಲಸ. ಹೊಲಿದು ಬಂದ ಬಟ್ಟೆಯಲ್ಲಿ ಎಲ್ಲಿ ತುದಿ ನೇತಾಡಿದರೂ ಕಚಕ್ ಎನ್ನಿಸಬೇಕು. ಒಂದು ಉಳಿದರೂ ಚೆಕಿಂಗಿನವರು ಪೀಸನ್ನು ಮುಖಕ್ಕೆ ಎಸೆಯುತ್ತಾರೆ. ಗಂಡ ಸತ್ತಾಗಿನಿಂದ ಇದೇ ಕತ್ತರಿ. ಕಣ್ಣು ದಾರವನ್ನಷ್ಟೇ ನೋಡುತ್ತದೆ, ಬಟ್ಟೆಯನ್ನಲ್ಲ.

ಹೋದ ಚಳಿಗಾಲ ಮಕ್ಕಳ ಅಂಗಿಯ ಆರ್ಡರ್ ಬಂತು. ಜೇಬಿನ ಮೇಲೆ ಕೈಕಸೂತಿಯ ಹಕ್ಕಿ, ಹೆಬ್ಬೆರಳಷ್ಟು. ಪಾಚಿ ಬಣ್ಣದ ಬೆನ್ನು, ಹಳದಿ ಹೊಟ್ಟೆ, ಕಣ್ಣಿನ ಸುತ್ತ ಬಿಳಿ ಬಳೆ. ಅಮೆರಿಕದ ಕಡೆ ಯಾವುದೋ ಬಿಸಿ ಸೀಮೆಯ ಕಾಡಿನದಂತೆ, ಹಾರುವ ನೊಣ ಹಿಡಿದು ತಿನ್ನುತ್ತದಂತೆ. ಕೊಕ್ಕಿನ ಬುಡದಲ್ಲಿ ನಾಲ್ಕು ಕರಿ ದಾರ ನೇತಾಡುತ್ತಿದ್ದವು.

ಪಕ್ಕದಲ್ಲಿ ಕೂರುತ್ತಿದ್ದವಳು ರಾಯಚೂರಿನ ಕಡೆಯವಳು. ತುಂಬು ಬಸುರಿ, ಗಂಡ ಬಿಟ್ಟು ಹೋಗಿದ್ದ. ಕೆಲಸಕ್ಕೆ ಸೇರಿಸಿದವಳು ನಾನೇ.

"ಯವ್ವಾ, ಅದನ್ನ ಕತ್ತರಿಸಬ್ಯಾಡ. ಹಕ್ಕಿ ಮೀಸಿ ಅದು. ಮುಂಜಾನೆ ಮಾಸ್ಟರ್ ಹೇಳಿದ್ರಲ್ಲ."

"ಹಕ್ಕಿಗೆಲ್ಲಿಂದ ಬಂತೇ ಮೀಸೆ? ತಮಾಷೆ ಬಿಟ್ಟು ಕೈ ಆಡಿಸು."

"ಐತಂತ. ಮಾಸ್ಟರ್ ಮೀಸಿಗಿಂತ ಚಂದ ಐತಿ ನೋಡು."

ಅವಳು ನಕ್ಕಳು. ನನಗೆ ಸಿಟ್ಟು ಬಂತು. ಕೆಲಸ ಹಂಚುವ ಮಾಸ್ಟರ್ ಅದನ್ನು ಹೇಳುವಾಗ ನಾನು ಚಹಾದ ಸಾಲಿನಲ್ಲಿದ್ದೆ. ಅವಳ ಕಟ್ಟನ್ನೂ ಎಳೆದುಕೊಂಡು ಮಧ್ಯಾಹ್ನದೊಳಗೆ ಅಷ್ಟೂ ಹಕ್ಕಿಗಳನ್ನು ಬೋಳಿಸಿದೆ.

ಮಾಸ್ಟರ್ ಬಂದು ಒಂದು ಅಂಗಿ ಎತ್ತಿ ನೋಡಿದ. "ಕಿಸ್ನೇ ಕಾಟಾ?" ಎಂದು ಕೂಗಿದ. ಯಾರು ಕತ್ತರಿಸಿದ್ದು? ಅವನೇ ತೀರ್ಮಾನ ಮಾಡಿದ. ನನ್ನ ಕಡೆ ಕೈ ತೋರಿಸಿ, ಅಮ್ಮಾಜಿ ಹಳಬರು, ಅವರ ಕೈ ತಪ್ಪುವುದಿಲ್ಲ, ಇದು ಈ ಹೊಸಬಳದ್ದೇ ಕೆಲಸ, ನಾಳೆಯಿಂದ ಬರಬೇಡ ಎಂದ.

ಅವಳು ನನ್ನ ಕಡೆ ತಿರುಗಿದಳು. "ಹೇಳಬೇ ಯವ್ವಾ."

ಈ ವಯಸ್ಸಿನಲ್ಲಿ ನನ್ನನ್ನು ಬೇರೆ ಯಾವ ಫ್ಯಾಕ್ಟರಿಯವರೂ ತೆಗೆದುಕೊಳ್ಳುವುದಿಲ್ಲ. ತಲೆಯಲ್ಲಿ ಇದ್ದದ್ದು ಅದೊಂದೇ. ಕತ್ತರಿಗೆ ಸಿಕ್ಕಿದ ನೂಲು ಬಿಡಿಸುತ್ತ ಕೂತೆ. ಅವಳು ಇನ್ನೊಂದು ಸಲ ಕೇಳಲಿಲ್ಲ. ಊಟದ ಡಬ್ಬಿ ತೆಗೆದುಕೊಂಡು, ಮೇಜು ಹಿಡಿದು ಎದ್ದು, ಹೋದಳು.

ಮಾರನೆಯ ದಿನ ಮಾಸ್ಟರ್ ನನ್ನ ಕೈಗೆ ಸೂಜಿ ಕೊಟ್ಟ. ಹಕ್ಕಿಗೆ ನಾಲ್ಕರಂತೆ ಮೀಸೆಗಳನ್ನೆಲ್ಲ ವಾಪಸ್ ಹಾಕಬೇಕು. ಹಿಡಿದ ಹುಳ ಒದ್ದಾಡುವಾಗ ಹಕ್ಕಿಯ ಕಣ್ಣಿಗೆ ಚುಚ್ಚದಂತೆ ಕಾಯುವುದು ಆ ಮೀಸೆಯಂತೆ, ಅವನೇ ಹೇಳಿದ. ವಾರವೆಲ್ಲ ಹಾಕಿದೆ. "ಅಚ್ಛಾ ಹೈ ಅಮ್ಮಾಜಿ" ಎಂದ.

ಅವಳ ಕೋಣೆ ನಮ್ಮಿಂದ ಎರಡೇ ಗಲ್ಲಿ ಆಚೆ, ತರಕಾರಿ ಭಯ್ಯಾ ನಿಲ್ಲುವ ದಾರಿಯಲ್ಲಿ. ಹೆರಿಗೆ ಹೇಗಾಯಿತೋ ಏನೋ, ಕೇಳಿಲ್ಲ. ಈಗ ತರಕಾರಿಗೆ ಸುತ್ತು ಹಾಕಿಕೊಂಡು ಮೇನ್ ರೋಡಿಗೆ ಹೋಗುತ್ತೇನೆ.