ಒಂದು ಸೈಜು ದೊಡ್ಡ ಮಂಡಿಪ್ಯಾಡು

ಮೊನ್ನೆ ನರಸಿಂಹರಾಜಪುರದ ಬಟ್ಟೆಯಂಗಡಿಯೊಂದರಲ್ಲಿ ಬನಿಯನ್ ಕೊಳ್ಳಲು ನಿಂತಿದ್ದೆ. ಪಕ್ಕದಲ್ಲಿ ಒಬ್ಬ ತಾಯಿ ಪುಟ್ಟ ಮಗಳಿಗೆ ರೇನ್‌ಕೋಟು ತೊಡಿಸಿ ನೋಡುತ್ತಿದ್ದಳು. ಹುಡುಗಿಯ ಬೆರಳ ತುದಿಯೂ ಕಾಣುತ್ತಿರಲಿಲ್ಲ, ಕೋಟಿನ ಅಂಚು ನೆಲ ಗುಡಿಸುತ್ತಿತ್ತು. "ಬೆಳೆಯೋ ಮಕ್ಳು, ಇರ್ಲಿ" ಎಂದಳು ತಾಯಿ. ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಗುರುತಿಲ್ಲದ ಹೆಂಗಸಿನ ಮೇಲೆ! ಬನಿಯನ್ ಅಲ್ಲೇ ಬಿಟ್ಟು ಹೊರಗೆ ಬಂದೆ.

ನಿಮಗೂ ಗೊತ್ತಿರಬೇಕು, ನಮ್ಮ ಕಡೆ ಮಕ್ಕಳಿಗೆ ಇವತ್ತಿನ ಅಳತೆಯದ್ದು ಏನನ್ನೂ ತರುವುದಿಲ್ಲ. ಚಪ್ಪಲಿ, ಯೂನಿಫಾರ್ಮು, ಸ್ವೆಟರು, ಎಲ್ಲವೂ ಮುಂದಿನ ವರ್ಷದ ಮಗುವಿಗೆ. ನಾನೇ ಷೂ ಒಳಗೆ ಬಟ್ಟೆ ತುರುಕಿಕೊಂಡು ಶಾಲೆಗೆ ಹೋದವನು. ಕಾಲಿಗೆ ಅದು ಸರಿಯಾಗುವ ಹೊತ್ತಿಗೆ ತಳವೇ ಇರಲಿಲ್ಲ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ನನ್ನ ಮಗಳಿಗೆ ಹದಿಮೂರು. ಅವಳ ಸೋದರಮಾವ ಗೇರಿರುವ, ದಪ್ಪ ಟಯರಿನ ಸೈಕಲ್ ಕೊಡಿಸಿದ್ದ. ಭಾನುವಾರ ಬಸರೀಕಟ್ಟೆಯ ಕಾಫಿ ತೋಟದ ಜೀಪ್ ದಾರಿಯಲ್ಲಿ ಅವಳು ಇಳಿಯುವಾಗ ನಾನು 'ಬ್ರೇಕು, ಬ್ರೇಕು' ಎಂದು ಕೂಗುತ್ತ ಹಿಂದೆ ಓಡುತ್ತಿದ್ದೆ. ಬಸ್ಸಿನಲ್ಲಿ ಕೂತರೂ ಹಿಂದಿನ ಟಯರಿನ ಚಿಂತೆ ಮಾಡುವವನು ನಾನು. ಅವಳೋ ಇಳಿಜಾರು ಕಂಡರೆ ನಗುವವಳು. ಮಂಡಿಗೆ ಪ್ಯಾಡು ಹಾಕದಿದ್ದರೆ ಸೈಕಲ್ಲೇ ಇಲ್ಲ ಎಂದು ಕಾನೂನು ಮಾಡಿ, ಕೊಪ್ಪಕ್ಕೆ ನಾನೊಬ್ಬನೇ ಹೋದೆ.

ಆಟದ ಸಾಮಾನಿನ ಅಂಗಡಿಯವರು ಎರಡು ಬಗೆ ತೋರಿಸಿದರು. ಒಂದು ವಾಲಿಬಾಲ್ ಆಡುವವರು ಹಾಕುವ ಬಟ್ಟೆಯದ್ದು. ಇನ್ನೊಂದಕ್ಕೆ ಗಟ್ಟಿ ಪ್ಲಾಸ್ಟಿಕ್ ಚಿಪ್ಪು, ಒಳಗೆ ಸ್ಪಂಜು. ಚಿಪ್ಪನ್ನು ತಟ್ಟಿದೆ, ಸ್ಪಂಜು ಹಿಸುಕಿದೆ, ನನ್ನದೇ ಮಂಡಿಗೆ ಕಟ್ಟಿಕೊಂಡು ಅಂಗಡಿಯಲ್ಲೇ ಎರಡು ಬಸ್ಕಿ ಹೊಡೆದೆ.

"ಅಳತೆ ತಂದಿದೀರಾ?"

"ಹದಿಮೂರು ವರ್ಷ."

"ವರ್ಷ ಅಲ್ಲ ಮಾರಾಯ್ರೆ, ಕಾಲಿನ ಸುತ್ತಳತೆ! ಮಂಡಿಯಿಂದ ನಾಲ್ಕು ಬೆರಳು ಮೇಲೆ ಟೇಪ್ ಹಿಡೀಬೇಕು. ಪೆಡಲ್ ತುಳಿಯುವಾಗ ಜಾರಿದ್ರೆ ಇದು ಇದ್ದೂ ಇಲ್ಲ. ಮಗಳನ್ನೇ ಕರ್ಕೊಂಡ್ ಬನ್ನಿ."

"ಅವಳಿಗೆ ಶಾಲೆ. ದೊಡ್ಡದೇ ಕೊಡಿ, ಬೆಳೀತಾಳೆ."

"ಬೆಳೆಯೋದು ಮುಂದಿನ ವರ್ಷ, ಬೀಳೋದು ಈ ಭಾನುವಾರ" ಎಂದು ಅವರು ನಕ್ಕರು. ನಾನೂ ನಕ್ಕೆ. ನಕ್ಕು, ಚಿಪ್ಪಿನದ್ದನ್ನೇ ಒಂದು ಸೈಜು ದೊಡ್ಡದು ಕಟ್ಟಿಸಿಕೊಂಡು ಮನೆಗೆ ತಂದೆ.

"ಅಪ್ಪ, ಲೂಸು" ಎಂದಳು ಮಗಳು. "ಪಟ್ಟಿ ಬಿಗಿ ಮಾಡ್ಕೊ" ಎಂದೆ. ಬಿಗಿ ಮಾಡಲು ಪಟ್ಟಿಯೇ ಉಳಿದಿರಲಿಲ್ಲ. ಎರಡನೇ ಭಾನುವಾರ ತಿರುವಿನ ಕಲ್ಲಿನ ಮೇಲೆ ಬಿದ್ದಳು. ನಾನು ಓಡಿಹೋದಾಗ ಎರಡೂ ಪ್ಯಾಡು ಕಾಲ್ಗೆಜ್ಜೆಯ ಹಾಗೆ ಕಣಕಾಲಿಗೆ ಇಳಿದು ಕೂತಿದ್ದವು, ಒಂದು ಗೀರೂ ಇಲ್ಲದೆ. ಮಂಡಿ ಬಿಚ್ಚಿಕೊಂಡಿತ್ತು. ಏಳು ಹೊಲಿಗೆ ಬಿತ್ತು.

ಮನೆಯಲ್ಲಿ ನನ್ನ ಅಮ್ಮ ತೀರ್ಪು ಕೊಟ್ಟಳು: "ಹೆಣ್ಣು ಕೂಸಿಗೆ ಎಂತಕ್ಕೆ ಸೈಕಲ್ಲು? ಹಂಗೆ ಹಾರ್ಸಿದ್ರೆ ಬೀಳದೆ ಇನ್ನೆಂತ? ಕೊಟ್ಬಿಡು ಯಾರಿಗಾದ್ರೂ."

ಮಗಳು ನನ್ನ ಮುಖ ನೋಡಿದಳು. ಅವಳು ಜೋರಾಗಿ ಬಿಟ್ಟಿರಲಿಲ್ಲ, ನಾನು ಕಣ್ಣಾರೆ ಕಂಡಿದ್ದೆ. 'ತಪ್ಪು ನಂದು, ಪ್ಯಾಡು ದೊಡ್ಡದು' ಅನ್ನಲು ನಾಲ್ಕು ಪದ ಸಾಕಿತ್ತು. ನಾನು ಹೇಳಿದ್ದು, "ಅಜ್ಜಿ ಹೇಳೋದು ಸರಿ." ಅದಕ್ಕಿಂತ ಹೇಸಿಗೆಯ ಮಾತು ಕೇಳಿ: ಇನ್ನು ಭಾನುವಾರ ಹೆದರಬೇಕಾಗಿಲ್ಲವೆಂದು ಒಳಗೊಳಗೇ ನೆಮ್ಮದಿಯೂ ಆಗಿತ್ತು! ಸೈಕಲ್ ಬೇರೆಯವರ ಮನೆ ಸೇರಿತು. ಅವಳು ಮತ್ತೆಂದೂ ಸೈಕಲ್ ಹತ್ತಲಿಲ್ಲ.

ಮೊನ್ನೆ ಬಟ್ಟೆಯಂಗಡಿಯಿಂದ ಬಂದವನೇ ಮಗಳಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಗೊತ್ತಿತ್ತಪ್ಪ. ನನ್ನ ಹತ್ರ ಎಂತಕ್ಕೆ ಹೇಳ್ತೀಯ? ಅಜ್ಜಿ ಹತ್ರ ಹೇಳು" ಎಂದು ಫೋನು ಇಟ್ಟಳು.

ಅಮ್ಮ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. "ಅಮ್ಮ, ಅವತ್ತು ಕೂಸು ಸೈಕಲ್ಲಿಂದ ಬಿದ್ದಿದ್ದು ನನ್ನ ತಪ್ಪು" ಎಂದೆ.

"ಯಾವ ಸೈಕಲ್ಲೋ?"

ಮರೆತಿದ್ದಾಳೆ! ಒಂದು ಹುಡುಗಿಯ ಭಾನುವಾರಗಳನ್ನೆಲ್ಲ ಎತ್ತಿ ಬಿಸಾಡಿ, ಮರೆತಿದ್ದಾಳೆ. ಬಿಸಾಡಲು ಕೈಜೋಡಿಸಿದವನು ನಾನು. ಸಿಟ್ಟನ್ನು ಯಾರ ಮೇಲೆ ಬಿಡಲಿ? ಮಣೆ ಎಳೆದುಕೊಂಡು ಅವಳೆದುರು ಕೂತೆ. ಪಕ್ಕದ ಮನೆಗೂ ಕೇಳಿಸುವಷ್ಟು ಗಟ್ಟಿಯಾಗಿ, ಮೊದಲಿನಿಂದ ಹೇಳತೊಡಗಿದೆ.