ನಿಕ್ಕಲ್ ತೊಟ್ಟಿಗೆ ಬಿದ್ದ ದೀಪದೆಣ್ಣೆ

2017ರಲ್ಲಿ ನಾನು ತುಮಕೂರಿನ ಹೊರವಲಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ಲೇಟಿಂಗ್ ಇನ್‌ಚಾರ್ಜ್ ಆಗಿದ್ದೆ. ಕಾರಿನ ಬಾಗಿಲ ಹಿಡಿಕೆಗಳಿಗೆ ಕನ್ನಡಿಯಂಥ ಹೊಳಪು ಕೊಡುವುದು ನಮ್ಮ ಕೆಲಸ. ಜನ ಅದನ್ನು ಕ್ರೋಮ್ ಎನ್ನುತ್ತಾರೆ. ನಿಜವಾಗಿ ಹೊಳಪಿನ ಹೆಚ್ಚು ಪಾಲು ಕೆಳಗಿರುವ ನಿಕ್ಕಲ್ ಪದರದ್ದು. ಕ್ರೋಮ್ ಅದರ ಮೇಲಿನ ತೆಳು ಪೊರೆ ಅಷ್ಟೆ. ಇಪ್ಪತ್ತೆಂಟು ವರ್ಷ ಲೇಪನದ ದ್ರಾವಣ ತುಂಬಿದ ತೊಟ್ಟಿಗಳ ಪಕ್ಕದಲ್ಲೇ ಕಳೆದಿದ್ದ ನಾನು, ದ್ರಾವಣದ ಬಣ್ಣ ನೋಡಿಯೇ ಅದರ ಆರೋಗ್ಯ ಹೇಳುತ್ತೇನೆಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆ ವರ್ಷದ ಆಯುಧಪೂಜೆಯ ದಿನ ಯಂತ್ರಗಳಿಗೆಲ್ಲ ಬಾಳೆಕಂದು ಕಟ್ಟಿ, ಕುಂಕುಮ ಇಟ್ಟಿದ್ದೆವು. ನಿಕ್ಕಲ್ ತೊಟ್ಟಿ ನಮಗೆ ಅನ್ನ ಹಾಕುವ ತೊಟ್ಟಿ, ಅದರ ಅಂಚಿನ ಮೇಲೂ ಒಂದು ದೀಪ ಇಡೋಣ ಎಂದವನು ನಾನೇ. ಮಾಲೀಕರು ಗೇಟಿನ ಬಳಿ ಬೂದುಗುಂಬಳ ಒಡೆಯಲು ಹೋದಾಗ ಎಲ್ಲರೂ ಅವರ ಹಿಂದೆ ನಡೆದರು. ನಾನು ತಿರುಗುವಾಗ ಮೊಣಕೈ ತಾಗಿ ಹಿತ್ತಾಳೆ ದೀಪ ಮಗುಚಿತು. ಒಂದು ಸೌಟಿನಷ್ಟು ಎಣ್ಣೆ ತೊಟ್ಟಿಗೆ ಹೋಯಿತು, ಬತ್ತಿ ನಂದಿತು.

ನಮ್ಮ ಮಾಲೀಕರು ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿ ಈ ಕಸುಬಿಗೆ ಬಂದವರು. ಅವರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಶಕುನ ಚೆನ್ನಾಗಿ ಗೊತ್ತಿತ್ತು. ಪೂಜೆಯ ದಿನ ನನ್ನ ಕೈಯಿಂದ ದೀಪ ಆರಿತೆಂದರೆ ಏನೆನ್ನುತ್ತಾರೋ ಎಂದು ಅಳುಕಿದೆ. ಹಳೇ ಪೇಪರಿನಲ್ಲಿ ಮೇಲೆ ತೇಲುತ್ತಿದ್ದ ಎಣ್ಣೆ ಬಳಿದು ತೆಗೆದು, ಹೊಸ ಬತ್ತಿ ಹಾಕಿ ಹಚ್ಚಿದೆ. ಯಾರೂ ನೋಡಲಿಲ್ಲ ಅಂದುಕೊಂಡೆ.

ಸರಿಯಾದ ಕ್ರಮ ನನಗೆ ಗೊತ್ತಿತ್ತು. ದ್ರಾವಣವನ್ನೆಲ್ಲ ಬೇರೆ ತೊಟ್ಟಿಗೆ ಪಂಪ್ ಮಾಡಿ, ಇದ್ದಿಲ ಪುಡಿ ಕಲಸಿ, ಸೋಸಿ ಮರಳಿ ತುಂಬಬೇಕು. ಕಾರ್ಬನ್ ಟ್ರೀಟ್‌ಮೆಂಟ್ ಎಂದರೆ ಇದೇ. ಅದಕ್ಕೆ ಒಂದು ದಿನ ಲೈನ್ ನಿಲ್ಲಿಸಬೇಕು. ಯಾಕೆ ನಿಲ್ಲಿಸಿದಿರಿ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಇಷ್ಟು ಎಣ್ಣೆ ಏನು ಮಾಡೀತು ಬಿಡು ಎಂದು ನನಗೆ ನಾನೇ ಹೇಳಿಕೊಂಡೆ.

ಹನ್ನೆರಡನೆಯ ದಿನ ಗಿರಾಕಿ ಕಂಪನಿಯಿಂದ 640 ಹಿಡಿಕೆಗಳು ವಾಪಸು ಬಂದವು. ಬ್ಲೇಡಿನಲ್ಲಿ ಗೀರಿ, ಟೇಪ್ ಅಂಟಿಸಿ ಎಳೆದರೆ ನಿಕ್ಕಲ್ ಪದರ ಈರುಳ್ಳಿ ಸಿಪ್ಪೆಯಂತೆ ಎದ್ದು ಬರುತ್ತಿತ್ತು. ಎಣ್ಣೆಯ ಅಂಶ ಸೇರಿರುವ ಶಂಕೆಯಿದೆ, ಮೂಲ ಕಾರಣ ತಿಳಿಸಿ ಎಂದು ಜೊತೆಗೊಂದು ಪತ್ರ. ಮಾಲೀಕರು ಎಲ್ಲರನ್ನೂ ಲೈನ್ ಪಕ್ಕದಲ್ಲಿ ಸೇರಿಸಿ, ಎಣ್ಣೆ ಎಲ್ಲಿಂದ ಬಂತು ಎಂದು ನನ್ನ ಕಡೆ ನೋಡಿದರು.

ಅಲ್ಲಿ ಜಯಮ್ಮ ಎಂಬ ಹೆಂಗಸಿದ್ದರು. ಅಮೃತೂರಿನಿಂದ ದಿನವೂ ಖಾಸಗಿ ಬಸ್ಸು ಹಿಡಿದು, ಕುಣಿಗಲ್‌ನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಬರುತ್ತಿದ್ದವರು. ಹಿಡಿಕೆಗಳನ್ನು ಜಿಗ್ ಎಂಬ ಚೌಕಟ್ಟಿಗೆ ನೇತುಹಾಕುವುದು, ಪ್ಲೇಟಿಂಗ್ ಆದ ಮೇಲೆ ಬಿಸಿನೀರಿನಿಂದ ತೆಗೆದು ಬಿಚ್ಚುವುದು ಅವರ ಕೆಲಸ. ಆರು ವರ್ಷದಲ್ಲಿ ಆ ನೀರಿಗೆ ಬೆರಳುಗಳು ಬಿರಿದಿದ್ದವು. ನಾವು ಕೊಡುತ್ತಿದ್ದ ಕೈಗವಸು ತಿಂಗಳಿಗೆ ಒಂದೇ ಜೊತೆ, ವಾರಕ್ಕೆ ಹರಿಯುತ್ತಿತ್ತು. ಹಾಗಾಗಿ ಬ್ಯಾಗಿನಲ್ಲಿ ಕೊಬ್ಬರಿ ಎಣ್ಣೆಯ ಪುಟ್ಟ ಸೀಸೆ ಇಟ್ಟುಕೊಳ್ಳುತ್ತಿದ್ದರು. ಅದು ಎಲ್ಲರಿಗೂ ಗೊತ್ತಿತ್ತು.

"ಜಯಮ್ಮ ಕೈಗೆ ಎಣ್ಣೆ ಹಚ್ಕೋತಾಳೆ ಸಾರ್," ಎಂದೆ.

"ನಾನ್ ಹಚ್ಕಳ್ಳೋದು ಕೆಲ್ಸ ಬಿಟ್ಮೇಲೆ ಸಾ, ಬಸ್ನಲ್ಲಿ," ಎಂದು ಜಯಮ್ಮ ನನ್ನನ್ನೇ ನೋಡಿದರು.

ಒಂದು ವೇಳೆ ಅವರ ಕೈಯಲ್ಲಿ ಎಣ್ಣೆ ಇದ್ದಿದ್ದರೂ ಅದು ನಿಕ್ಕಲ್‌ವರೆಗೆ ಬರುವಂತಿರಲಿಲ್ಲ. ಜಿಗ್ಗಿಗೂ ನಿಕ್ಕಲ್ ತೊಟ್ಟಿಗೂ ನಡುವೆ ಜಿಡ್ಡು ತೊಳೆಯಲೆಂದೇ ಮೂರು ತೊಟ್ಟಿಗಳಿವೆ. ಪ್ಲೇಟಿಂಗ್ ರಸಾಯನ ಕಲಿತವರಿಗೆ ಅದು ಮೊದಲ ಪಾಠ. ಅಲ್ಲಿ ಸೇರಿದ್ದ ಇಪ್ಪತ್ತು ಜನರಲ್ಲಿ ಅದನ್ನು ಬಲ್ಲವನು ನಾನೊಬ್ಬನೇ, ಮತ್ತು ನಾನು ಬಾಯಿ ಬಿಡಲಿಲ್ಲ. ಅಂದು ಸಂಜೆಯೇ ಜಯಮ್ಮನವರನ್ನು ಕೆಲಸದಿಂದ ತೆಗೆದರು. ಗಿರಾಕಿಗೆ ಕಳಿಸುವ ವರದಿಯ ಮೂಲ ಕಾರಣದ ಕಾಲಂನಲ್ಲಿ 'ಕಾರ್ಮಿಕರ ಕೈಯ ಎಣ್ಣೆ' ಎಂದು ನಾನೇ ಬರೆದು ಸಹಿ ಹಾಕಿದೆ. ಗಿರಾಕಿ ಕಂಪನಿಯವರು ಮರುಪ್ರಶ್ನೆ ಹಾಕದೆ ಒಪ್ಪಿಕೊಂಡರು.

ಮುಂದಿನ ಭಾನುವಾರ, ಮಾಮೂಲಿ ನಿರ್ವಹಣೆ ಎಂಬ ನೆಪ ಹೇಳಿ ಕಾರ್ಬನ್ ಟ್ರೀಟ್‌ಮೆಂಟ್ ಮುಗಿಸಿದೆ. ಸೋಮವಾರದಿಂದ ಒಂದು ಹಿಡಿಕೆಯೂ ಸಿಪ್ಪೆ ಏಳಲಿಲ್ಲ. "ನೋಡಿದ್ರೇನ್ರೀ, ಆವಮ್ಮ ಹೋದ್ಮೇಲೆ ಎಲ್ಲಾ ಸರಿಹೋಯ್ತು," ಎಂದು ಮಾಲೀಕರು ನನ್ನ ಬೆನ್ನು ತಟ್ಟಿದರು. ನಾನು ಗುಟ್ಟಾಗಿ ಮಾಡಿದ ರಿಪೇರಿ ಜಯಮ್ಮನವರ ತಪ್ಪಿಗೆ ಸಾಕ್ಷಿಯಾಯಿತು. ಕೆಲವು ದಿನಗಳ ಮೇಲೆ ಇನ್ನೊಂದು ಪ್ಲೇಟಿಂಗ್ ಶಾಪಿನವರು ಫೋನ್ ಮಾಡಿ, ಜಯಮ್ಮ ಹೇಗೆ ಎಂದು ವಿಚಾರಿಸಿದರು. ಒಳ್ಳೆಯ ಕೆಲಸಗಾರ್ತಿ ಎನ್ನಲು ಎರಡು ಮಾತು ಸಾಕಿತ್ತು. ನೀವೇ ನೋಡಿಕೊಳ್ಳಿ ಎಂದು ಜಾರಿಕೊಂಡೆ. ಆ ಕೆಲಸವೂ ಅವರಿಗೆ ಸಿಗಲಿಲ್ಲ.

ನಿವೃತ್ತನಾದ ಮೇಲೆ ಇದು ನನ್ನನ್ನು ಕೂರಲು ಬಿಡಲಿಲ್ಲ. ಹೋದ ವರ್ಷ ಅಮೃತೂರಿಗೆ ಹೋದೆ. ಜಯಮ್ಮ ಬಸ್ ಸ್ಟ್ಯಾಂಡ್ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದರು. ಸ್ಟೂಲ್ ಹಾಕಿ ಕೂರಿಸಿದರು. ನಾನು ತಡವರಿಸುತ್ತ ಎಲ್ಲವನ್ನೂ ಹೇಳಿ ಮುಗಿಸಿದೆ.

"ಗೊತ್ತಿತ್ತು ಸಾ," ಎಂದರು. "ದೀಪ ಬಿದ್ದಾಗ ನಾನು ಕಂಬದ್ ಹಿಂದೆ ಬಾಳೆಕಂದು ಕಟ್ತಾ ಇದ್ದೆ."

ಮತ್ತೆ ಯಾಕಮ್ಮ ಆವತ್ತು ಹೇಳಲಿಲ್ಲ ಎಂದೆ.

"ನೀವೇ ಹೇಳ್ತೀರಾ ಅಂತ ಕಾದೆ."

ಕ್ಷಮಿಸಿ ಎಂದು ಕೈಮುಗಿದೆ. ಅವರು ಮಿಷನ್ ನಿಲ್ಲಿಸಿದರು. "ಅವತ್ತು ನಾಕ್ ಜನದ್ ಮುಂದೆ ಅಂದ್ರಿ. ಇವತ್ತು ನನ್ನೊಬ್ಳ ಮುಂದೆ ಹೇಳುದ್ರೆ ಏನಾಯ್ತು ಸಾ?"

ಆ ನಾಲ್ಕು ಜನರನ್ನು ಹುಡುಕಿ ಹೊರಟೆ. ಕಾರ್ಖಾನೆ ಕೈಬದಲಾಗಿತ್ತು, ಜೊತೆಗಿದ್ದವರು ಚೆದುರಿಹೋಗಿದ್ದರು. ಆಗಿನ ಮಾಲೀಕರಿಗೆ ಫೋನ್ ಮಾಡಿದರೆ ಹಳೇ ಮಾತು ಈಗ್ಯಾಕೆ ಎಂದು ಇಟ್ಟುಬಿಟ್ಟರು. ಉಳಿದದ್ದು ಬರೆಯುವ ದಾರಿಯೊಂದೇ. ಹೆಸರು ಬದಲಾಯಿಸಿ ಬರೆಯುತ್ತೇನೆ ಎಂದು ಜಯಮ್ಮನವರಿಗೆ ತಿಳಿಸಿದೆ.

"ತಪ್ ಮಾಡಿದ್ದು ನಾನಾ ಸಾ, ಹೆಸ್ರು ಮುಚ್ಕಳ್ಳಕ್ಕೆ? ನನ್ ಹೆಸ್ರೇ ಹಾಕಿ."

ಕೆಲಸ ನನಗೆ ಕಲಿಸಿದ್ದು ಇಷ್ಟು. ಎಣ್ಣೆ ಬಿದ್ದ ದಿನವೇ ಹೇಳಿದ್ದರೆ ಒಂದು ದಿನ ಲೈನ್ ನಿಲ್ಲುತ್ತಿತ್ತು, ನಾನು ನಾಲ್ಕು ಬೈಗುಳ ತಿನ್ನುತ್ತಿದ್ದೆ. ಹೇಳದೆ ಹೋದದ್ದರಿಂದ ಒಬ್ಬರ ಅನ್ನವೂ ಹೋಯಿತು, ಮಾನವೂ ಹೋಯಿತು. ಅನ್ನವನ್ನು ಅವರೇ ದುಡಿದುಕೊಂಡರು. ಮಾನವನ್ನು ಹಿಂದಿರುಗಿಸಬೇಕಾದವನು ನಾನು. ಅದಕ್ಕೆ ನಾಲ್ಕು ಜನರ ಮುಂದೆ ಹೇಳುತ್ತಿದ್ದೇನೆ. ಅಮೃತೂರಿನ ಜಯಮ್ಮನವರ ಕೈಯಿಂದ ಒಂದೇ ಒಂದು ಹಿಡಿಕೆಯೂ ಕೆಟ್ಟಿರಲಿಲ್ಲ. ಕೆಡಿಸಿದವನು ನಾನು.