ಗಾಳಿಗೆ ಹಸಿದ ಪುಡಿ

ಕೈರೋ ಅಂಚಿನ ಶುಬ್ರಾದಲ್ಲಿ, ಬೆಳ್ಳಿ ಬಣ್ಣಕ್ಕೆ ಪುಡಿ ಅರೆಯುವ ಕಾರ್ಖಾನೆಯಲ್ಲಿ ರಾಗಿಬ್ ಇಪ್ಪತ್ತಾರು ವರ್ಷ ಸವೆಸಿದ್ದ. ಅವನ ಹುಬ್ಬಿಗೆ ಕೂತ ಪುಡಿ ಎಷ್ಟು ತೊಳೆದರೂ ಮಿನುಗುತ್ತಿತ್ತು.

ಕೆಲಸ ನೋಡಲು ಸುಲಭ. ಉಕ್ಕಿನ ಪೀಪಾಯಿಗೆ ಅಲ್ಯೂಮಿನಿಯಂ ಪುಡಿ, ಉಕ್ಕಿನ ಗುಂಡುಗಳು, ಚೂರು ಮೇಣ ಸುರಿದು, ಮುಚ್ಚಳ ಬಿಗಿದು ತಿರುಗಿಸಬೇಕು. ಗಸಗಸೆಯಂತೆ ದುಂಡಗಿದ್ದ ಕಣಗಳು ಪೆಟ್ಟು ತಿಂದೂ ತಿಂದೂ ಮೀನಿನ ಹುರುಪೆಯಂತೆ ಚಪ್ಪಟೆಯಾಗಿ ಹೊಳೆಯುತ್ತವೆ. ಅಲ್ಲಿಗೆ ನಿಲ್ಲಿಸದಿದ್ದರೆ ಕೆಟ್ಟಿತು. ಹುರುಪೆಗಳು ಮಡಚಿ ಒಂದಕ್ಕೊಂದು ಬೆಸೆಯುತ್ತವೆ, ಗಡುಸಾಗಿ ಒಡೆಯುತ್ತವೆ, ಮತ್ತೆ ಬೆಸೆಯುತ್ತವೆ. ಕೊನೆಗೆ ಸಿಗುವುದು ಬೂದು ಪುಡಿ. ಅದರ ಒಳಗಿನ ಕಟ್ಟೇ ನುಚ್ಚುನೂರಾಗಿರುತ್ತದೆ.

ಹೊಸದಾಗಿ ತೆರೆದುಕೊಂಡ ಲೋಹದ ಮೈಗೆ ಗಾಳಿಯ ಹಸಿವು ಬೇರೆ. ಒಮ್ಮೆಲೇ ಮುಚ್ಚಳ ತೆಗೆದರೆ ಧಗ್ಗನೆ ಹತ್ತಿಕೊಳ್ಳುತ್ತದೆ. ಅದಕ್ಕೇ ಗಿರಣಿ ನಿಲ್ಲಿಸಿದವನು ಗಾಳಿ ಸ್ವಲ್ಪಸ್ವಲ್ಪವೇ ಒಳಹೋಗಲೆಂದು ಮುಚ್ಚಳದ ಒಂದು ತಿರುಪು ಮಾತ್ರ ಸಡಿಲಿಸಿ, ಬಿಸಿ ಚಹಾದ ಲೋಟವನ್ನು ಪಕ್ಕದ ಕಟ್ಟೆಯ ಮೇಲಿಡುತ್ತಿದ್ದ. ಅದು ತಣ್ಣಗಾದ ಮೇಲೆ ಕುಡಿದು ಲೋಟ ಬೋರಲು ಹಾಕುತ್ತಿದ್ದ. ಬೋರಲು ಲೋಟ ಕಂಡರೆ ಯಾರು ಬೇಕಾದರೂ ಮುಚ್ಚಳ ತೆಗೆಯಬಹುದು. ಗೋಡೆಯ ಮೇಲಿನ ಸೂಚನೆಯನ್ನು ಓದದವರೂ ಆ ಲೋಟವನ್ನು ನಂಬುತ್ತಿದ್ದರು.

ಹನ್ನೊಂದು ವರ್ಷದ ಹಿಂದೆ ಒಂದು ಸುಡು ಮಧ್ಯಾಹ್ನ ರಾಗಿಬ್ ಬಾಯಾರಿ, ಚಹಾವನ್ನು ಬಿಸಿಬಿಸಿಯೇ ಕುಡಿದುಬಿಟ್ಟ. ಕೈ ರೂಢಿಯಂತೆ ಲೋಟವನ್ನು ಬೋರಲು ಹಾಕಿತು. ಅವನು ಅಂಗಳಕ್ಕೆ ಹೋದ. ಅಲ್ಲೇ ಕೆಲಸಕ್ಕಿದ್ದ ಅವನ ತಂಗಿಯ ಗಂಡ ಫಿಕ್ರಿ ಬಂದು, ಲೋಟ ನೋಡಿ ಮುಚ್ಚಳ ತೆಗೆದ. ಸುಟ್ಟು ಸತ್ತ.

ಫಿಕ್ರಿಗೆ ಅವಸರ ಜಾಸ್ತಿ ಎಂದರು ಎಲ್ಲರೂ. ರಾಗಿಬ್ ಬಾಯಿ ಬಿಡಲಿಲ್ಲ. ಮೊದಲ ವಾರ ಧೈರ್ಯ ಬರಲಿಲ್ಲ, ಆಮೇಲೆ ಹೇಳಲು ಮುಖ ಉಳಿಯಲಿಲ್ಲ. ಅಂದಿನಿಂದ ಗಿರಣಿ ನಿಂತ ಮೇಲೂ ಅವನ ಕಿವಿಯಲ್ಲಿ ಗುಂಡುಗಳು ಉರುಳುತ್ತವೆ. ಪೀಪಾಯಿಯ ಮೇಲೆ ಬಾಗಿದ ಒಂದು ಬೆನ್ನು ಕಾಣುತ್ತದೆ. ಆ ಬೆನ್ನು ಎಂದಾದರೂ ತಿರುಗಿ ನೋಡೀತು ಎಂಬುದೇ ಅವನ ಭಯ.

ಈದ್ ಬೆಳಿಗ್ಗೆ ತಂಗಿ ಇನ್ಸಾಫ್ ಗಂಡನ ಸಮಾಧಿಯ ಬಳಿ ಬಡವರಿಗೆ ಹಂಚುವ ರೊಟ್ಟಿಯ ಗಂಟು ಹಿಡಿದು ಬಂದಳು.

"ಈ ಸಲನಾದ್ರೂ ಬಾ ಅಣ್ಣ. ಪ್ರತಿ ಹಬ್ಬಕ್ಕೂ ನಾನೊಬ್ಳೇ ಹೋಗಿ ಬೈದು ಬರ್ತೀನಿ."

"ಯಾರನ್ನ?"

"ಇನ್ಯಾರನ್ನ, ನಿನ್ನ ಭಾವಮೈದನ್ನ. ಒಂದು ಲೋಟ ಚಹಾ ಆರೋ ತನಕ ತಾಳ್ಮೆ ಇರ್ಲಿಲ್ವಾ ನಿಂಗೆ ಅಂತ. ಸಾಕಾಗೋಯ್ತು. ಇನ್ಮೇಲೆ ಬರಲ್ಲ ಅಂತ ಇವತ್ತು ಹೇಳಿ ಬಂದ್ಬಿಡ್ತೀನಿ."

ಈಗ ಸುಮ್ಮನಿದ್ದರೆ ಸತ್ತವನಿಗೆ ಇದ್ದ ಒಬ್ಬಳೂ ಇಲ್ಲವಾಗುತ್ತಾಳೆ.

"ಅವಸರ ಅವನದಲ್ಲಮ್ಮ," ಎಂದ. "ಬಿಸಿ ಚಹಾ ಕುಡಿದು ಲೋಟ ಬೋರಲು ಹಾಕಿದೋನು ನಾನು. ಅವನು ನನ್ನನ್ನ ನಂಬಿ ತೆಗೆದ."

ಇನ್ಸಾಫ್ ಅಳಲಿಲ್ಲ, ಕೂಗಾಡಲಿಲ್ಲ. ಗಂಟು ಎತ್ತಿಕೊಂಡಳು. ಅವನೂ ಚಪ್ಪಲಿ ಹುಡುಕತೊಡಗಿದ.

"ನೀನೆಲ್ಲಿಗೆ?"

"ಅವನ ಹತ್ರ ಕ್ಷಮೆ ಕೇಳ್ಬೇಕು, ತಂಗಿ."

"ನೀನು ಕೂತ್ಕೋ," ಎಂದಳು ಅವಳು. "ಹನ್ನೊಂದು ವರ್ಷ ಬೈದೋಳು ನಾನು. ಮೊದಲು ನಾನು ಕೇಳ್ಕೋತೀನಿ."